ಕೂಗುಕೋಣೆ

ಮಾರ್ಚ್ 4, ಮಂಗಳವಾರ

ಊರಿಡೀ ಬ್ರಷ್ ಆಡಿಸಿ ಮುಗಿಸಿದೆ. ಸೋಮವಾರ ಮ್ಯೂಸಿಯಂಗೆ ರಜ, ಧೂಳಿಗೆ ರಜ ಇಲ್ಲ. ಕೋಟೆ ಬಾಗಿಲು, ಖಜಾನೆ, ನ್ಯಾಯಾಲಯ, ಸಭಾಮಂದಿರ... ಪೂರಾ ಹಳೇ ಊರು ಒಂದು ಮೇಜಿನ ಮೇಲೆ. ಪ್ಲೈವುಡ್ಡು, ಪ್ಲಾಸ್ಟರು, ಬೆಂಕಿಕಡ್ಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮಾಡಿದ ಮಾದರಿ. ಮ್ಯೂಸಿಯಂ ಇರುವುದೂ ಅದೇ ಸಭಾಮಂದಿರದ ಒಳಗೆ. ಹಾಗಾಗಿ ಮಾದರಿಯ ಸಭಾಮಂದಿರಕ್ಕೆ ಬ್ರಷ್ ಆಡಿಸುವಾಗೆಲ್ಲ ನನ್ನ ತಲೆ ನಾನೇ ಬಾಚಿಕೊಂಡ ಹಾಗಾಗುತ್ತದೆ.

ಇಲ್ಲಿನ ಲೇಬಲ್ಲೆಲ್ಲ ಬರೆಯುವವಳು ನಾನು. ಈ ಒಂದು ಲೇಬಲ್ ಮಾತ್ರ ಮುಟ್ಟುವ ಹಾಗಿಲ್ಲ. 'ಮಾದರಿ: ಇಲಾಖೆಯ ಕೃಪೆ.' ಕೃಪೆ ಇಲಾಖೆಯದು, ಕೈಗೆ ಮೆತ್ತಿದ ಅಂಟು ಅಪ್ಪನದು. ಹೆಸರು ಹಾಕಿ ಅಂತ ಬಂದ ಸಾಹೇಬರನ್ನೆಲ್ಲ ಕೇಳಿದೆ. ನಿಯಮ ಇಲ್ಲವಂತೆ.

ಈಗಿನ ಸಾಹೇಬರು ಕರೆದು ಹೇಳಿದರು. ಸಭಾಮಂದಿರದ ಜೀರ್ಣೋದ್ಧಾರಕ್ಕೆ ದುಡ್ಡು ಬಂದಿದೆಯಂತೆ. ಜೀರ್ಣ ಮಾಡಿಕೊಳ್ಳುವವರು ಒಬ್ಬರು, ಉದ್ಧಾರ ಆಗುವವರು ಇನ್ನೊಬ್ಬರು. ಕಟ್ಟಡದ ಪಾಲಿಗೆ ನಡುವಿನ 'ಓ' ಮಾತ್ರ.

ಹಳೇ ರಾಜಧಾನಿ ಅಂತ ಊರ ಬಾಗಿಲಲ್ಲೇ ಬೋರ್ಡಿದೆ. ರಾಜ ಹೋದ. ಧಾನಿ ಬೇರೆ ಊರಿಗೆ ಹೋಯಿತು. ನಮಗೆ 'ಹಳೇ' ಉಳಿಯಿತು. ಅದನ್ನೂ ಹೊಸದು ಮಾಡುತ್ತಾರಂತೆ.

ಮಾರ್ಚ್ 5, ಬುಧವಾರ

ಕನ್ಸಲ್ಟಂಟ್ ಬಂದಿದ್ದ. ಆರ್ಕಿಟೆಕ್ಟಂತೆ. ಮಾತಿಗೊಮ್ಮೆ 'ಅದನ್ನ ಮುಂದಿನ ಸ್ಲೈಡಲ್ಲಿ ತೋರಿಸ್ತೀನಿ' ಅನ್ನುತ್ತಾನೆ, ಕೈಯಲ್ಲಿ ಕರ್ಚೀಫು ಬಿಟ್ಟು ಏನೂ ಇಲ್ಲದಾಗಲೂ. ಇನ್ನು ಮೇಲೆ ಇವನ ಹೆಸರು ಸ್ಲೈಡು.

ಮಾದರಿಯ ಸುತ್ತ ಸುತ್ತಿದ. ಸಭಾಮಂದಿರದ ತಾರಸಿಯ ಹಿಂದಿನ ಮೂಲೆಯಲ್ಲೊಂದು ಪುಟ್ಟ ಬಿಳಿ ಗುಮ್ಮಟ. ಮೈಗೆಲ್ಲ ಸಣ್ಣ ಸಣ್ಣ ಗೆರೆ. ಅದರ ಮುಂದೆ ನಿಂತುಬಿಟ್ಟ.

"ಎಂಥ ಗುಮ್ಮಟ ಮೇಡಂ. ಈ ಗೆರೆ ನೋಡಿ. ಎರಡು ಶೈಲಿ ಸೇರಿವೆ ಇಲ್ಲಿ. ಇದು ಯಾವ ಕಾಲದ್ದು?"

"ನನ್ನ ಹೈಸ್ಕೂಲ್ ಕಾಲದ್ದು."

ನಗಲಿಲ್ಲ. ಬರೆದುಕೊಂಡ.

ತಾರಸಿಗೆ ಕರೆದೊಯ್ದೆ. ಮಾದರಿಯಲ್ಲಿ ಗುಮ್ಮಟ ಇರುವ ಕಡೆ ನಿಜವಾದ ಕಟ್ಟಡದಲ್ಲಿ ಇರುವುದು ಕೂಗುಕೋಣೆ. ನಾಲ್ಕು ಗೋಡೆ, ಮೇಲೆ ತಗಡು, ಹಿಂದಿನ ಬೀದಿಗೆ ತೆರೆಯುವ ಒಂದೇ ಕಿಟಕಿ. ನೋಡೋಕೆ ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಇಡೀ ಕಟ್ಟಡದಲ್ಲಿ ಜನಕ್ಕೆಂದು ಕಟ್ಟಿದ್ದು ಅದೊಂದೇ. ಕೆಳಗೆ ಸಭೆಯಲ್ಲಿ ಏನೇ ತೀರ್ಮಾನವಾಗಲಿ, ಕೂಗುವವ ಈ ಕಿಟಕಿಯಿಂದ ಬೀದಿಗೆ ಕೂಗಿ ಹೇಳಬೇಕಿತ್ತು. ಕೂಗುವ ತನಕ ಯಾವುದೂ ಜಾರಿಗೆ ಬರುತ್ತಿರಲಿಲ್ಲ. ತೆರಿಗೆ ಏರಿದ್ದೂ ಇಲ್ಲಿಂದಲೇ, ಇಳಿದಿದ್ದೂ ಇಲ್ಲಿಂದಲೇ. (ಇಳಿದದ್ದು ಕಡಿಮೆ.) ಕಿಟಕಿಯ ಕಲ್ಲಿನಲ್ಲಿ ಎರಡು ಗುಳಿ, ತಲೆಮಾರುಗಟ್ಟಲೆ ಕೂಗುವವರು ಮೊಣಕೈ ಊರಿ ಊರಿ ಬಿದ್ದದ್ದು. ಇಲ್ಲಿಂದ ಕೂಗಿದ ಕೊನೆಯ ಸುದ್ದಿ, ರಾಜಧಾನಿ ಬೇರೆ ಊರಿಗೆ ಹೋಯಿತು ಅನ್ನೋದು. ಆಮೇಲೆ ಕೂಗೋಕೆ ಊರಲ್ಲಿ ಏನೂ ಉಳಿಯಲಿಲ್ಲ.

ಇಷ್ಟೂ ಹೇಳಿದೆ. ಸ್ಲೈಡು ತಲೆ ಕೆರೆದುಕೊಂಡ.

"ಮಾದರಿಯಲ್ಲಿ ಈ ಕೋಣೆ ಇಲ್ಲವಲ್ಲ ಮೇಡಂ."

ಫೋಟೋ ಕೂಡ ತೆಗೆಯದೆ ಇಳಿದುಹೋದ.

ಅದೇ ದಿನ, ಸಂಜೆ

ಅಪ್ಪನನ್ನು ಕೇಳಿದೆ. "ಕೂಗುಕೋಣೆ ಯಾಕೆ ಮಾಡಲಿಲ್ಲ ನೀನು?"

"ಎಲ್ಲಿ ಮಾಡೋದು? ಬೀದಿ ದೀಪದ ವೈರೆಲ್ಲ ಆ ಮೂಲೆಗೇ ಬಂದಿತ್ತು. ಸ್ವಿಚ್ಚು ಅಲ್ಲೇ ಕೂರಿಸಬೇಕಾಯ್ತು. ಬರೀ ಸ್ವಿಚ್ಚು ಎದ್ದುಕಂಡರೆ ಅಸಹ್ಯ ಅಲ್ವಾ, ಅದಕ್ಕೊಂದು ಟೋಪಿ ಹಾಕಿದೆ." ಅಡುಗೆಮನೆ ಕಡೆ ನೋಡಿ ಪಿಸುಗುಟ್ಟಿದ. ಅಪ್ಪನ ಪಿಸುಮಾತು ಪಕ್ಕದ ಮನೆಯವರಿಗೆ ಕೇಳುತ್ತದೆ, ಪುಣ್ಯಕ್ಕೆ ಒಳಗೆ ಮಿಕ್ಸಿ ಓಡುತ್ತಿತ್ತು. "ನಿಮ್ಮಮ್ಮನ ಸ್ನೋ ಡಬ್ಬಿ ಮುಚ್ಚಳ ಕಣೇ."

ಅಮ್ಮ ಮುಖಕ್ಕೆ ಹಚ್ಚುತ್ತಿದ್ದ ಸ್ನೋ. ಆ ಮುಚ್ಚಳದ ಕಥೆ ನನಗೆ ಗೊತ್ತು, ಕಳ್ಳ ಯಾರೆಂದು ಗೊತ್ತಿರಲಿಲ್ಲ. ಅದು ಕಾಣೆಯಾದ ದಿನ ಅತ್ತೆ — ಅಪ್ಪನ ತಂಗಿ — ಮನೆಗೆ ಬಂದಿದ್ದರು. 'ನಿಮ್ಮ ತಂಗಿ ಬಂದು ಹೋದಾಗಲೆಲ್ಲ ಏನಾದರೊಂದು ಕಾಣೆ' ಅಂದಳು ಅಮ್ಮ, ಕೇಳಿಸುವ ಹಾಗೆ. ಅತ್ತೆ ಬ್ಯಾಗು ಮಗುಚಿ ನೆಲಕ್ಕೆ ಸುರಿದು ತೋರಿಸಿ ಎದ್ದುಹೋದರು. ಅವತ್ತಿನಿಂದ ಮಾತಿಲ್ಲ. ಮುಚ್ಚಳ ಹೋದದ್ದು ಒಂದು ಡಬ್ಬಿಯದು, ಮುಚ್ಚಿದ್ದು ಎರಡು ಬಾಯಿ. ಅತ್ತೆಯ ಮನೆ ಸಭಾಮಂದಿರದ ಹಿಂದಿನ ಬೀದಿಯಲ್ಲೇ. ಅಮ್ಮ ಆ ಬೀದಿ ತುಳಿಯುವುದಿಲ್ಲ.

"ಆಗಲೇ ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಜಗಳ ಜೋರಾಯ್ತು. ತಣ್ಣಗಾಗಲಿ ಅಂತ ಕಾದೆ. ಆಮೇಲೆ ತೀರಾ ತಣ್ಣಗಾಗಿಬಿಡ್ತು."

ಮಾರ್ಚ್ 11, ಮಂಗಳವಾರ

ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿದೆ. ಸಿಟ್ಟಿಗೆ.

ಸಮಿತಿಯ ಮುಂದೆ ಸ್ಲೈಡಿನ ಸ್ಲೈಡುಗಳು. ಕಿಟಕಿಯೆಲ್ಲ ಮುಚ್ಚಿ, ಕತ್ತಲು ಮಾಡಿ, ಬೆಳಕು ಚೆಲ್ಲಿದ. ಮೊದಲನೆಯದರಲ್ಲಿ ಅಪ್ಪನ ಮಾದರಿ, ಗುಮ್ಮಟ ಸಮೇತ. ಕೆಳಗೆ 'ಮೂಲ ರೂಪ'. ಎರಡನೆಯದರಲ್ಲಿ ಇವತ್ತಿನ ತಾರಸಿ. ಕೂಗುಕೋಣೆಯ ಮೇಲೆ ಕೆಂಪು ಗೀಟು. ಕೆಳಗೆ 'ನಂತರದ ಅತಿಕ್ರಮಣ'.

ಅತಿಕ್ರಮಣ. ಕಟ್ಟಡದ ಬಾಯಿಯೇ ಕಟ್ಟಡದ ಅತಿಕ್ರಮಣ. ಕೋಣೆ ಕೆಡವಿ ಮೂಲ ಗುಮ್ಮಟ ಮತ್ತೆ ಕಟ್ಟುತ್ತಾರಂತೆ.

ಎದ್ದು ನಿಂತೆ. "ಸರ್, ಕೋಣೆ ಹಳೇದು, ಮಾದರಿ ಹೊಸದು. ಮಗೂಗೆ ಅಪ್ಪನ ಮೂಗು ಬಂದಿಲ್ಲ ಅಂತ ಅಪ್ಪನ ಮೂಗು ಕೊಯ್ತೀರಾ?"

ಯಾರೋ ನಕ್ಕರು. ಸಾಹೇಬರು ನಗಲಿಲ್ಲ.

"ನೋಡಮ್ಮ, ಮಾದರಿ ನಮ್ಮ ಮ್ಯೂಸಿಯಂ ವಸ್ತು. ಅದಕ್ಕೆ ರಿಜಿಸ್ಟರ್ ನಂಬರಿದೆ. ನಿಮ್ಮ ಕೋಣೆಗೆ ನಂಬರಿದೆಯಾ?"

"ಅದು ಕಟ್ಟಡ ಸರ್. ಕಟ್ಟಡಕ್ಕೆ ಹೇಗೆ ಮ್ಯೂಸಿಯಂ ನಂಬರ್ ಬರುತ್ತೆ?"

"ಅದೇ ನಾನು ಹೇಳ್ತಿರೋದು. ಇಲ್ಲ."

ಹಳೇ ಫೋಟೋ ತೋರಿಸಿದೆ. ಮುಂದಿನ ಬೀದಿಯಿಂದ ತೆಗೆದದ್ದು, ಹಿಂದಿನ ಮೂಲೆ ಕಾಣುವುದಿಲ್ಲ. "ಕೋಣೆ ಕಾಣಿಸ್ತಿಲ್ಲವಲ್ಲ" ಅಂದ ಸ್ಲೈಡು. ಗುಮ್ಮಟವೂ ಕಾಣಿಸ್ತಿಲ್ಲವಲ್ಲ ಅಂದೆ. "ಫೋಟೋ ಮಸುಕಾಗಿದೆ ಮೇಡಂ." ಊರಲ್ಲಿ ಯಾವ ಹಿರಿಯರನ್ನಾದರೂ ಕೇಳಿ ಅಂದೆ. "ಅದು ಬಾಯಿಮಾತು" ಅಂದರು ಸಾಹೇಬರು. ಬಾಯಿಮಾತಿಗೆಂದೇ ಕಟ್ಟಿದ ಕೋಣೆಗೆ ಬಾಯಿಮಾತಿನ ಸಾಕ್ಷಿ ನಡೆಯುವುದಿಲ್ಲ.

ಕೊನೆಗೆ ಎಲ್ಲರೆದುರು ನನ್ನ ಕಡೆ ತಿರುಗಿದರು. "ಇಂಥ ಮಾದರಿ ಮಾಡಿದ ಕಲಾವಿದರ ಹೆಸರನ್ನೇ ಲೇಬಲ್ಲಲ್ಲಿ ಹಾಕಿಲ್ಲವಲ್ಲ ನೀವು. ಸ್ವಂತ ತಂದೆ ಬೇರೆ. ನಾಚಿಕೆ ಆಗಬೇಕು. ನಾಳೆನೇ ಹಾಕಿ. ಗುಮ್ಮಟದ ಮೊದಲ ಇಟ್ಟಿಗೆ ಅವರ ಕೈಯಿಂದಲೇ ಇಡಿಸೋಣ, ಸನ್ಮಾನ ಮಾಡೋಣ."

ನನಗೆ. ನಾಚಿಕೆ. ಆಗಬೇಕಂತೆ.

ಸ್ಮಾರಕದ 'ಸ್' ಇಷ್ಟು ಸುಲಭವಾಗಿ ಉದುರುತ್ತದೆ ಅಂತ ಗೊತ್ತಿರಲಿಲ್ಲ.

ಮಾರ್ಚ್ 13, ಗುರುವಾರ

ಸಾಹೇಬರನ್ನು ಮಾದರಿಯ ಹತ್ತಿರ ಕರೆದೊಯ್ದು ಗುಮ್ಮಟ ಒತ್ತಿ ತೋರಿಸಿದೆ. ಟಿಕ್. ಬೀದಿಗಳಿಗೆಲ್ಲ ದೀಪ ಬಂತು.

"ಇದು ಸ್ವಿಚ್ಚು ಸರ್. ಮೇಲಿರೋದು ಸ್ನೋ ಡಬ್ಬಿ ಮುಚ್ಚಳ."

ಬಗ್ಗಿ ನೋಡಿದರು. ಮತ್ತೊಮ್ಮೆ ಒತ್ತಿದರು. ದೀಪ ಹೋಯಿತು. ಮತ್ತೊಮ್ಮೆ. ಬಂತು. ಮುಖದಲ್ಲಿ ಸಂತೋಷ. "ಗುಮ್ಮಟದ ಒಳಗೆ ಸ್ವಿಚ್ಚು ಇಟ್ಟಿದ್ದಾರೆ. ಎಂಥ ಜಾಣತನ."

"ಗುಮ್ಮಟದ ಒಳಗೆ ಸ್ವಿಚ್ಚಲ್ಲ ಸರ್. ಸ್ವಿಚ್ಚಿಗೋಸ್ಕರ ಗುಮ್ಮಟ."

"ಅದನ್ನ ಮಾಡಿದವರು ಹೇಳಲಿ. ನಿಮ್ಮ ತಂದೆಯವರೇ ಬಂದು, ಅಲ್ಲಿ ಗುಮ್ಮಟ ಇರಲಿಲ್ಲ ಅಂತ ನಾಲ್ಕು ಜನರೆದುರು ಹೇಳಲಿ, ಕೆಲಸ ನಿಲ್ಲಿಸ್ತೀನಿ. ಅವರು ಹೇಳದೆ ನೀವು ಹೇಳಿದರೆ ಹೇಗೆ?"

ಸರಿ. ಅಪ್ಪನ ಒಂದು ಮಾತು. ಮಾತಿಗೆ ಅಪ್ಪನಲ್ಲಿ ಬರವೇ?

ಸಂಜೆ

ಬರ.

ಸಾಹೇಬರು ನನಗಿಂತ ಮೊದಲೇ ಫೋನ್ ಮಾಡಿಬಿಟ್ಟಿದ್ದರು. ಸನ್ಮಾನ, ಇಟ್ಟಿಗೆ, ಲೇಬಲ್ಲಲ್ಲಿ ಹೆಸರು. ಅಪ್ಪ ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿದ್ದ. ಇರುವ ಕೂದಲಿಗೆ ಅಷ್ಟು ಬಾಚಣಿಗೆ ಬೇಕಾಗಿರಲಿಲ್ಲ.

"ಅಪ್ಪ, ಒಂದು ಮಾತು ಹೇಳು. ಕೋಣೆ ಉಳಿಯುತ್ತೆ."

"ನನ್ನ ಹೆಸರು ಉಳಿಯುತ್ತಾ?"

ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದ.

"ಆ ಊರಿನ ಒಂದೊಂದು ಕಿಟಕೀನೂ ಬ್ಲೇಡಲ್ಲಿ ಕೊರೆದವನು ನಾನು. ಇಲಾಖೆಯ ಕೃಪೆಯಂತೆ, ಕೃಪೆ. ಈಗ ಬರೆಯೋಕೆ ಹೊರಟಿದ್ದಾರೆ. ಬೇಡ, ಅದು ಮುಚ್ಚಳ, ನಾನು ಮೋಸಗಾರ ಅಂತ ನಾನೇ ಹೋಗಿ ಹೇಳಲಾ?" ಬಾಚಣಿಗೆ ಇಟ್ಟ. ಧ್ವನಿ ಇಳಿಸಿದ. "ಅದೂ ಅಲ್ಲದೆ ನಾಲ್ಕು ಜನರೆದುರು ಹೇಳಿದರೆ ಐದನೆಯವಳಿಗೆ ಗೊತ್ತಾಗುತ್ತೆ."

ಐದನೆಯವಳು ಒಳಗಿಂದ ಕೂಗಿದಳು. "ಏನ್ರೀ ಅದು ಅಪ್ಪ ಮಗಳು ಗುಸುಗುಸು?"

"ಏನಿಲ್ಲ ಕಣೇ. ಕಟ್ಟಡದ ವಿಷಯ."

ಮಾರ್ಚ್ 22, ಶನಿವಾರ

ಬರೆಯೋಕೆ ಮನಸ್ಸಿರಲಿಲ್ಲ. ಅಪ್ಪನೂ ನಾನೂ ಊಟಕ್ಕೆ ಮಾತ್ರ ಎದುರುಬದುರು.

ಲೇಬಲ್ ಬದಲಾಯಿಸಿದೆ. ಅಪ್ಪನ ಹೆಸರು, ದಪ್ಪ ಅಕ್ಷರದಲ್ಲಿ. ಎಷ್ಟು ವರ್ಷ ಕಾದಿದ್ದ ಕೆಲಸ. ಖುಷಿಯಾಗಬೇಕಿತ್ತು. ಗಾಜಿನ ಮೇಲೆ ಅಂಟಿಸುವಾಗ ವಕ್ರ ಹೋಯಿತು. ಕಿತ್ತು ಮತ್ತೆ ಅಂಟಿಸಿದೆ. ಮತ್ತೆ ವಕ್ರ. ಬಿಟ್ಟೆ.

ಅಪ್ಪ ಭಾಷಣ ಪ್ರಾಕ್ಟೀಸ್ ಮಾಡುತ್ತಿದ್ದಾನೆ, ಬಚ್ಚಲಲ್ಲಿ, ಪ್ರತಿಧ್ವನಿ ಚೆನ್ನಾಗಿ ಬರುತ್ತದೆ ಅಂತ. ಇವತ್ತು ಬಾಗಿಲಿನಾಚೆಯಿಂದ ಕೇಳಿದ್ದು: "ಆ ಭವ್ಯ ಗುಮ್ಮಟವನ್ನು ನಾನು ಮೊದಲು ಕಲ್ಪಿಸಿ... ಅಲ್ಲ, ಗಮನಿಸಿದಾಗ..."

ಹೊರಬಂದಾಗ ತಡೆದೆ. "ಗಮನಿಸಿದೆಯಾ? ಎಲ್ಲಿ? ಅಮ್ಮನ ಡ್ರೆಸಿಂಗ್ ಟೇಬಲ್ ಮೇಲಾ?"

"ಯಾರಿಗೆ ಗೊತ್ತು," ಅಂದ ಟವೆಲಲ್ಲಿ ಕಿವಿ ಒರೆಸುತ್ತ. "ಕೋಣೆಗಿಂತ ಮುಂಚೆ ಏನಾದರೂ ಇದ್ದಿರಬಹುದು ಕಣೇ. ನನಗೇ ಗೊತ್ತಿಲ್ಲದ ಹಾಗೆ ಹೊಳೆದಿರಬಹುದು."

ಮುಗಿಯಿತು. ಗುಮ್ಮಟ ಅಪ್ಪನ ತಲೆಯಲ್ಲೂ ಎದ್ದಿದೆ. ಅಲ್ಲಿ ಜಾಗಕ್ಕೇನು, ಮೇಲೆ ಎಲ್ಲ ಖಾಲಿ ಬಯಲು.

ತಪ್ಪು. ಹಾಗೆ ಬರೆಯಬಾರದಿತ್ತು. ಹೊಡೆದು ಹಾಕಲ್ಲ, ಸಿಟ್ಟಿದೆ.

ಏಪ್ರಿಲ್ 2, ಬುಧವಾರ

ತಗಡು ಕಿತ್ತರು.

ಊಟದ ಡಬ್ಬಿ ತಗೊಂಡು ಮೇಲೆ ಹೋಗಿದ್ದೆ. ಕೂಗುಕೋಣೆಗೆ ಮೊದಲ ಸಲ ಬಿಸಿಲು ಬಿದ್ದಿದೆ. ಗೋಡೆಗಳು ಕಣ್ಣು ಕಿರಿದು ಮಾಡಿಕೊಂಡ ಹಾಗೆ. ಕಿಟಕಿಯ ಕಲ್ಲಿನ ಸುತ್ತ ಗಾರೆ ಕೆತ್ತಿದ್ದಾರೆ. ಮೇಸ್ತ್ರಿ ಕೇಳಿದ, "ಅಕ್ಕಾ, ಈ ಕಲ್ಲು ಎಲ್ಲಿಗೆ ಹಾಕೋದು?" ಸ್ಲೈಡು ಒಡೆದ ಕಸದ ರಾಶಿ ತೋರಿಸಿದ, "ಡೆಬ್ರಿ ಜೊತೆಗೆ." ಅಷ್ಟು ಮೊಣಕೈ ತಿಂದ ಕಲ್ಲು, ಡೆಬ್ರಿ ಅಂತೆ. ಡಿಗ್ರಿ ಇದ್ದವರಿಗೆಲ್ಲ ಎಲ್ಲವೂ ಡೆಬ್ರಿ.

ಮೊಣಕೈ ಇಟ್ಟು ನೋಡಿದೆ. ನನ್ನದು ಚಿಕ್ಕದು. ಗುಳಿಯಲ್ಲಿ ಅಲ್ಲಾಡುತ್ತದೆ.

ಕೆಳಗೆ ಅತ್ತೆ, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ಕೈ ಬೀಸಿದೆ. ಬೀಸಿದರು. ನನ್ನ ಮೇಲೆ ಅವರಿಗೆ ಏನೂ ಇಲ್ಲ. "ಅದೇನೇ ಅಲ್ಲಿ ಒಡೀತಿದ್ದಾರೆ?" ಅಂತ ಕೇಳಿದರು. ಎಲ್ಲಿಂದ ಶುರು ಮಾಡಲಿ?

ಏಪ್ರಿಲ್ 6, ಭಾನುವಾರ

ನಾಳೆ ಸಮಾರಂಭ. ಅಮ್ಮ ಅಪ್ಪನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಮೇಲೆ ಇಟ್ಟಿಗೆ ಇಡುವುದು ಕೆಳಗಿನವರಿಗೆ ಕಾಣಬೇಕಂತೆ, ಅದಕ್ಕೆ ಕುರ್ಚಿಗಳೆಲ್ಲ ಹಿಂದಿನ ಬೀದಿಯಲ್ಲಿ. ಅಮ್ಮನಿಗೆ ಅದು ನುಂಗಲಾರದ ತುತ್ತು.

"ಬರ್ತೀನಿ. ಆದರೆ ಅವರ ಮನೆಗೆ ಬೆನ್ನು ಹಾಕಿ ಕೂರ್ತೀನಿ."

ನಾಲಿಗೆ ತುದಿಗೆ ಬಂತು. ಅಮ್ಮಾ, ಕಳ್ಳನ ಶರ್ಟಿಗೇ ಇಸ್ತ್ರಿ ಹಾಕ್ತಿದ್ದೀಯ. ಅಪ್ಪ ಪೇಪರಿನ ಮೇಲಿಂದ ನೋಡಿದ. ಬೆದರಿದ ಕಣ್ಣು. ನಾನು ಹೇಳಿದರೆ ಮನೆ ಒಡೆಯುತ್ತದೆ, ಕೋಣೆಯೇನೂ ಉಳಿಯುವುದಿಲ್ಲ. ಸಾಹೇಬರಿಗೆ ಬೇಕಾದದ್ದು ಅಪ್ಪನ ಮಾತು, ನನ್ನದಲ್ಲ.

ನುಂಗಿಕೊಂಡೆ. ನಾಳೆ ಹೋಗುವುದೇ ಬೇಡ ಅನಿಸಿತು. ಮಂಡಿನೋವಿನ ಅಪ್ಪನನ್ನು ಮೇಲೆ ಕರೆದೊಯ್ಯುವವರು ಯಾರು?

ಏಪ್ರಿಲ್ 7, ಸೋಮವಾರ, ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಪ್ಪನನ್ನು ಕುರ್ಚಿ ಸಮೇತ ಹೊತ್ತು ತಂದರು, ಮೇಸ್ತ್ರಿ ಮತ್ತು ಅವನ ಕಡೆಯವರು. ಅಪ್ಪ ಮೆಟ್ಟಿಲುದ್ದಕ್ಕೂ ಎರಡೂ ಕಡೆ ನಮಸ್ಕಾರ ಮಾಡುತ್ತಾ ಬಂದ. ಎರಡೂ ಕಡೆ ಗೋಡೆ. ಮೇಲೆ ಸಾಹೇಬರು, ಸ್ಲೈಡು, ತಟ್ಟೆಯಲ್ಲೊಂದು ಇಟ್ಟಿಗೆ. ಕೆಳಗೆ ಬೀದಿ ತುಂಬ ಜನ. ಅಮ್ಮ ಮುಂದಿನ ಸಾಲಿನಲ್ಲಿ, ಹೇಳಿದ ಹಾಗೆಯೇ ಅತ್ತೆಯ ಮನೆಗೆ ಬೆನ್ನು ಹಾಕಿ.

ಅಪ್ಪ ಇಟ್ಟಿಗೆ ನೋಡಲಿಲ್ಲ. ಕಿಟಕಿ ನೋಡಿದ. ಮಾದರಿ ಮಾಡುವ ಕಾಲಕ್ಕೆ ತಾರಸಿಗೆ ಬೀಗ ಇತ್ತು, ಅವನು ಇಲ್ಲಿಗೆ ಬಂದೇ ಇರಲಿಲ್ಲ. ಎದ್ದು ಕುಂಟುತ್ತ ಹತ್ತಿರ ಹೋದ. ಕಲ್ಲಿನ ಮೇಲೆ ಹೆಬ್ಬೆರಳು ಓಡಿಸಿದ.

"ಇದೊಂದು ಕಿಟಕಿ ನಾನು ಮಾಡಲಿಲ್ಲ ನೋಡು," ಅಂದ. ನನಗೋ, ಕಲ್ಲಿಗೋ.

ಎರಡೂ ಮೊಣಕೈ ಊರಿದ. ಕೂತವು. ಅಚ್ಚು ಹೊಯ್ದ ಹಾಗೆ ಕೂತವು.

"ಸರ್, ಅಲ್ಲಿ ಒರಗಬೇಡಿ," ಅಂದ ಸ್ಲೈಡು. "ಸಡಿಲ ಮಾಡಿದ್ದೀವಿ. ನಾಳೆ ಅದನ್ನ ಎಸೆಯೋದು."

"ಇದನ್ನಾ? ಎಸೆದು?"

"ನಿಮ್ಮ ಗುಮ್ಮಟ ಬರುತ್ತಲ್ಲ ಸರ್. ಡಿಸೈನ್ ಸ್ವಲ್ಪ ಸುಧಾರಿಸಿದ್ದೀವಿ. ಮೈಮೇಲಿನ ಗೆರೆಗಳು ಜಾಸ್ತಿ ಆಯ್ತು ಅಂತ ಅರ್ಧಕ್ಕೆ ಇಳಿಸಿದೆ."

ಅಪ್ಪ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಮಾದರಿಯ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ ನೋಡುವ ನೋಟ.

"ಆ ಗೆರೆ ಯಾಕಿತ್ತು ಗೊತ್ತೇನಯ್ಯಾ? ಸ್ನೋ ಹಚ್ಚಿದ ಕೈಯಲ್ಲಿ ಮುಚ್ಚಳ ತಿರುಗಿಸುವಾಗ ಜಾರಬಾರದು ಅಂತ."

ಸ್ಲೈಡಿಗೆ ಮುಂದಿನ ಸ್ಲೈಡು ಸಿಗಲಿಲ್ಲ. ಸಾಹೇಬರು "ಸರ್, ಇಟ್ಟಿಗೆ..." ಅಂದರು. ಅಪ್ಪ ಅಷ್ಟರಲ್ಲಿ ಬೀದಿಗೆ ಮುಖ ಮಾಡಿಯಾಗಿತ್ತು.

"ಕೇಳಿಸಿಕೊಳ್ರಪ್ಪಾ ಎಲ್ಲರೂ." ಮೈಕಿಲ್ಲ. ಬೇಕಾಗಲೂ ಇಲ್ಲ. ಆ ಕೋಣೆಯ ಗೋಡೆಗಳಿಗೆ ಏನೋ ಗೊತ್ತಿದೆ, ಧ್ವನಿಯನ್ನು ಹಿಡಿದು ಮುಂದಕ್ಕೆ ದಬ್ಬುತ್ತವೆ. "ಇಲ್ಲಿ ಗುಮ್ಮಟ ಇರಲಿಲ್ಲ. ಯಾವತ್ತೂ ಇರಲಿಲ್ಲ. ಇದ್ದದ್ದು ಇದೇ ಕೋಣೆ. ನನ್ನ ಮಾದರಿ ಮೇಲಿರೋದು ಸ್ನೋ ಡಬ್ಬಿ ಮುಚ್ಚಳ. ಡಬ್ಬಿ ನನ್ನ ಹೆಂಡತೀದು. ಮುಚ್ಚಳ ಕದ್ದವನು ನಾನು. ನನ್ನ ತಂಗಿ ಅಲ್ಲ. ಅವಳಲ್ಲ."

ಬೀದಿಗೆ ಬೀದಿಯೇ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, "ಯಾವ ಬ್ರ್ಯಾಂಡು ಸಾರ್?"

ನಾನು ಅಮ್ಮನನ್ನೇ ನೋಡುತ್ತಿದ್ದೆ. ಎದ್ದಳು. ಮೇಲೆ ನೋಡಲಿಲ್ಲ. ನಿಧಾನಕ್ಕೆ ಹಿಂದಕ್ಕೆ ತಿರುಗಿದಳು. ಬಾಲ್ಕನಿಯಲ್ಲಿ ಅತ್ತೆ, ಹಿಂಡಿದ ಒದ್ದೆ ಟವೆಲು ಕೈಯಲ್ಲಿ. ಇಬ್ಬರೂ ಹಾಗೇ ನಿಂತರು. ಅಮ್ಮ ಚಪ್ಪಲಿ ಸರಿಮಾಡಿಕೊಂಡು ಒಬ್ಬಳೇ ಮನೆಗೆ ನಡೆದುಬಿಟ್ಟಳು.

ಸಂಜೆ

"ಹಿಂದಿನ ಸಾಲಿಗೆ ಕೇಳಿಸ್ತಾ?" ಅಪ್ಪನ ಮೊದಲ ಪ್ರಶ್ನೆ.

ಕೇಳಿಸಿತು ಅಂದೆ. ಅವನ ಮಂಡಿಯ ಕೆಳಗೆ ದಿಂಬು ಇಟ್ಟೆ.

ಅಮ್ಮ ಟೀ ತಂದಿಟ್ಟಳು. ನನಗೆ, ತನಗೆ. ಅಪ್ಪನಿಗಿಲ್ಲ.

"ಪೂರ್ತಿ ಡಬ್ಬಿ ಒಣಗಿಹೋಯ್ತು," ಅಂದಳು ಗೋಡೆಗೆ. "ಅವಳು ಬ್ಯಾಗ್ ಸುರಿದು ತೋರಿಸಿದಳು. ನೀವು ಇಲ್ಲೇ, ಇದೇ ಕುರ್ಚಿ ಮೇಲೆ ಪೇಪರ್ ಓದ್ತಾ ಕೂತಿದ್ರಿ."

ಅಪ್ಪ ಪೇಪರ್ ಮಡಚಿದ.

ಏಪ್ರಿಲ್ 9, ಬುಧವಾರ

ಕೆಲಸ ನಿಂತಿದೆ. ಸಾಹೇಬರು ಮಾತು ಉಳಿಸಿಕೊಂಡರು, ನಾಲ್ಕಲ್ಲ ನಾನೂರು ಜನರೆದುರು ಅಪ್ಪ ಹೇಳಿಬಿಟ್ಟ ಮೇಲೆ ಬೇರೆ ದಾರಿ ಇರಲಿಲ್ಲ. ಕಲ್ಲಿಗೆ ಮತ್ತೆ ಗಾರೆ ಹಾಕಿಸುತ್ತಾರಂತೆ. ಸ್ಲೈಡು ಊರಿಗೆ ಹೋದ.

ಸಂತೋಷಪಡೋಕೆ ಬಿಡಬೇಕಲ್ಲ. ಸಮಾರಂಭ ಕೆಡಿಸಿದ್ದಕ್ಕೆ ನನಗೆ ಮೆಮೊ. ಕೂಗಿದ್ದು ಅಪ್ಪ, ಕಾರಣ ಕೇಳಿದ್ದು ಮಗಳಿಗೆ. ಲೇಬಲ್ಲಿನಿಂದ ಅಪ್ಪನ ಹೆಸರು ತೆಗೆಯಬೇಕಂತೆ, ತಪ್ಪು ಮಾದರಿ ಮಾಡಿದವರ ಹೆಸರು ಹಾಕುವ ನಿಯಮ ಇಲ್ಲವಂತೆ. ತಪ್ಪು ಗುಮ್ಮಟ ಕಟ್ಟಹೊರಟವರ ಹೆಸರಿರುವ ಶಂಕುಸ್ಥಾಪನೆಯ ಕಲ್ಲು ಮಾತ್ರ ಬಾಗಿಲಲ್ಲಿ ಹಾಗೇ ಇದೆ. ತಗಡು ಕೀಳೋಕೆ ಮಂಜೂರಾತಿ ಇತ್ತು, ಮತ್ತೆ ಹೊದಿಸೋಕೆ ಇಲ್ಲವಂತೆ. ಮೋಡ ಕಟ್ಟುತ್ತಿದೆ.

ಲೇಬಲ್ ತೆಗೆದಿಲ್ಲ. ವಕ್ರವಾಗಿಯೇ ಇದೆ. ಅದರ ಕೆಳಗೆ ಇನ್ನೊಂದು ಅಂಟಿಸಿದ್ದೇನೆ: 'ತಾರಸಿಯ ಮೂಲೆಯಲ್ಲಿರುವುದು ಸ್ನೋ ಡಬ್ಬಿಯ ಮುಚ್ಚಳ. ಒತ್ತಿರಿ.' ಎರಡನೇ ಮೆಮೊ ಬರಲಿ.

ತಾಡಪತ್ರಿ ಮನೆಯದೇ ಇದೆ. ನಾಳೆ ನಾನೂ ಮೇಸ್ತ್ರಿಯೂ ಹೊದಿಸುತ್ತೇವೆ. ಅಪ್ಪನಿಗೂ ಬರಬೇಕಂತೆ. ಕೂಗುಕೋಣೆಗೆ ಲೇಬಲ್ ಬರೆಯುತ್ತ ಕೂತೆ. 'ಇಲ್ಲಿಂದ ಕೂಗಿದ ಕೊನೆಯ ಸುದ್ದಿ, ರಾಜಧಾನಿ ಬೇರೆ ಊರಿಗೆ ಹೋಯಿತು ಎಂಬುದು.' ಈಗ ಅದು ಸುಳ್ಳು. ಹೊಡೆದು ಹಾಕಿದೆ. 'ಕೊನೆಯ ಸುದ್ದಿ, ಮುಚ್ಚಳ ಕದ್ದವರು...'

ಅಮ್ಮ ಹೆಗಲ ಮೇಲಿಂದ ಓದಿದಳು.

"ಕೊನೆಯ ಅಂತ ಬರೀಬೇಡ."

"ಯಾಕೆ?"

"ನಾಳೆ ನಾನೂ ಮೇಲೆ ಬರ್ತೀನಿ. ಫೋನ್ ಮಾಡಿದರೆ ಅವಳು ಎತ್ತಲ್ಲ. ಬೆಳಿಗ್ಗೆ ಬಟ್ಟೆ ಹಾಕೋಕೆ ಬಾಲ್ಕನಿಗೆ ಬರ್ತಾಳೆ ತಾನೇ?"

"ಏನಂತ ಕೂಗ್ತೀಯಮ್ಮಾ?"

ಅಮ್ಮ ಗಂಟಲು ಸರಿಮಾಡಿಕೊಂಡು, ಇಲ್ಲೇ, ನನ್ನ ಕಿವಿಯ ಹತ್ತಿರ, ಮೆಲ್ಲಗೆ ಕೂಗಿ ನೋಡಿದಳು — "ತಪ್ಪು ನನ್ನದು ಕಣೇ, ಮನೆಗೆ ಬಾ."